ಪೆಡಲಿನ ಕೆಳಗೆ ಅಪ್ಪನ ಮೆಟ್ಟು

ಮೊನ್ನೆ ಮಗಳ ಕಾರಿನ ಬ್ರೇಕ್ ತೋರಿಸಲು ಗ್ಯಾರೇಜಿಗೆ ಹೋಗಿದ್ದೆವು. ಬ್ರೇಕ್ ಆಯಿಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಪ್ಪತ್ತರ ದಶಕದ ಚಿತ್ರದುರ್ಗದಲ್ಲಿದ್ದೆ. ಬ್ರೇಕಿನ ಪೈಪಿಗೆ ಹೊಕ್ಕ ಗಾಳಿ ತೆಗೆಯಲು ಈಗ ಯಂತ್ರ ಬಂದಿದೆ. ಆಗ ಇಬ್ಬರು ಬೇಕಿತ್ತು. ಒಬ್ಬ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರದ ಬಳಿ ನಟ್ಟು ಸಡಿಲಿಸಿ ಗಾಳಿ ಬಿಡಬೇಕು.

ನಾನಾಗ ಕಾಲೇಜು ಮೇಷ್ಟ್ರು. ಮೂರು ಕೈ ದಾಟಿ ಬಂದ ಕಾರೊಂದನ್ನು ಕೊಂಡು, ದಾರಿಯಲ್ಲಿ ಸಿಕ್ಕ ಗುರುತಿನವರಿಗೆಲ್ಲ ಸುಮ್ಮಸುಮ್ಮನೆ ಹಾರನ್ ಹೊಡೆಯುತ್ತಿದ್ದೆ. ಹಿರೇಗುಂಟನೂರಿನಲ್ಲಿ ಕುರಿ ಮೇಯಿಸಿಕೊಂಡಿದ್ದ ಅಪ್ಪ ಮಾತ್ರ ಅದರೊಳಗೆ ಕಾಲಿಡಲಿಲ್ಲ. "ಕುರಿ ಆದ್ರೆ ಕೂಗಿದ್ರೆ ನಿಲ್ತಾವೆ. ಇದು ನಿಲ್ತೈತೇನಪ್ಪ?" ಎನ್ನುತ್ತಿದ್ದ. ವರ್ಷವಿಡೀ ಗೋಗರೆದ ಮೇಲೆ ಹೊರಕೆರೆದೇವಪುರದ ದೇವಸ್ಥಾನಕ್ಕೆ ಬರಲು ಒಪ್ಪಿದ. ಹೊರಡುವ ಹಿಂದಿನ ದಿನವೇ ಪೈಪಿಗೆ ಗಾಳಿ ಹೊಕ್ಕು ಬ್ರೇಕ್ ಮೆತ್ತಗಾಗಬೇಕೆ!

ಮೆಕ್ಯಾನಿಕ್ ರಸೂಲಣ್ಣನ ಶೆಡ್ಡಿಗೆ ಅಪ್ಪನೂ ಬಂದ. ನಾನು ಸೀಟಿನಲ್ಲಿ ಕೂತೆ. "ಒತ್ರಿ ಮೇಷ್ಟ್ರೇ" ಎಂದ ರಸೂಲಣ್ಣ. ಅಪ್ಪನ ಎದುರು ಕಡಿಮೆ ಬೀಳಬಾರದಲ್ಲ, ಶಕ್ತಿಯೆಲ್ಲ ಹಾಕಿ ಪೆಡಲ್ ತಳ ಮುಟ್ಟುವವರೆಗೂ ತುಳಿದೆ.

"ಅಯ್ಯೋ, ತಡೀರಿ!" ರಸೂಲಣ್ಣ ಚಕ್ರ ಬಿಟ್ಟು ಓಡಿ ಬಂದ. "ಹಳೇ ಗಾಡಿ ಇದು. ದಿನಾ ಅರ್ಧಕ್ಕೇ ಒತ್ತಿರ್ತೀರಿ. ಅದರಿಂದಾಚೆ ಸಿಲಿಂಡರ್ ಒಳಗೆ ಬರೀ ತುಕ್ಕು ಕುಂತಿರ್ತೈತೆ. ಆಯಿಲ್ ತಳ್ಳೋ ರಬ್ಬರ್ ಅಲ್ಲಿಗೆ ಹೋದ್ರೆ ಹರಿದೋಗ್ತೈತೆ. ಆಮೇಲೆ ಬ್ರೇಕೇ ಇಲ್ಲ!"

ದೇವಪುರವಿರಲಿ, ಇನ್ನು ಅಪ್ಪ ಈ ಜನ್ಮದಲ್ಲಿ ಕಾರು ಹತ್ತುವುದಿಲ್ಲ ಎಂದುಕೊಂಡೆ. ಅಪ್ಪ ಟೈರಿನ ಅಟ್ಟೆಯ ದಪ್ಪ ಮೆಟ್ಟು ಬಿಚ್ಚಿ, ಎರಡನ್ನೂ ಒಂದರ ಮೇಲೊಂದಿಟ್ಟು, ಪೆಡಲ್ ತಳ ಮುಟ್ಟದ ಹಾಗೆ ಕೆಳಗೆ ತೂರಿಸಿದ.

"ಲೇ, ಇಳಿ. ನಾನ್ ಒತ್ತೀನಿ."

ಹಾಲು ಕರೆಯುವವರ ಹದದಲ್ಲಿ, ಬರಿಗಾಲಿನಿಂದ ಒತ್ತುತ್ತ ಬಿಡುತ್ತ ಹೋದ. ಗಾಳಿಯೆಲ್ಲ ಹೊರಟ ಮೇಲೆ ರಸೂಲಣ್ಣ, "ಹಂಗೇ ಹಿಡ್ಕಳ್ರಿ ಯಜಮಾನ್ರೇ. ರಬ್ಬರ್ ಹರಿದಿದ್ರೆ ಪೆಡಲ್ ಮೆಲ್ಲಗೆ ಇಳೀತೈತೆ" ಎಂದ. ಅಪ್ಪ ಉಸಿರು ಬಿಗಿಹಿಡಿದು ಕೂತ. ನಾನು ಅವನ ಪಾದವನ್ನೇ ನೋಡುತ್ತ ನಿಂತೆ.

"ನಿಂತೈತೆ" ಎಂದ ಅಪ್ಪ ಕೊನೆಗೆ. "ಬೆಳಿಗ್ಗೆ ಹೋಗಾಣ."

ಮರುದಿನ ನನ್ನ ಪಕ್ಕದಲ್ಲೇ ಕೂತ. ನಾನು ಬ್ರೇಕ್ ಹಾಕಿದಾಗಲೆಲ್ಲ ಅವನ ಕಾಲೂ ಅಲ್ಲಿಲ್ಲದ ಪೆಡಲನ್ನು ಒತ್ತುತ್ತಿತ್ತು. ಕಾರಿನ ಮೇಲೆ ನಂಬಿಕೆ ಬಂತು, ಮಗನ ಮೇಲೆ ಬರಲಿಲ್ಲ ಎಂದು ಒಳಗೊಳಗೇ ನೊಂದುಕೊಂಡೆ.

ಮೊನ್ನೆ ಗ್ಯಾರೇಜಿನಿಂದ ಮರಳುವಾಗ ಮಗಳು ಕಾರು ಓಡಿಸುತ್ತಿದ್ದಳು. ನನಗಿಂತ ಚೆನ್ನಾಗಿಯೇ ಓಡಿಸುತ್ತಾಳೆ. ಆದರೂ ಎದುರಿಗೆ ಲಾರಿ ಬಂದಾಗಲೆಲ್ಲ ನನ್ನ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು.

"ಭಯಾನಾ ಅಪ್ಪಾ?" ಎಂದಳು.

ಭಯವಲ್ಲ. ಅವಳ ಕಾಲಿಗೆ ಇನ್ನೊಂದು ಕಾಲು ಜೊತೆಗಿರಲಿ ಎಂದು, ಅಷ್ಟೇ. ಅಪ್ಪನೂ ಅದನ್ನೇ ಮಾಡುತ್ತಿದ್ದ. ಅವನಿಗೆ ಹೇಳೋಣವೆಂದರೆ ಈಗ ಅವನಿಲ್ಲ.