ಮಿರ್ಚಿ ಎಣ್ಣೆಯ ಸಾಬೂನು

ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾರದೆ, ಮನೆಯಲ್ಲಿ ಬಟ್ಟೆ ಸಾಬೂನು ಕಾಯಿಸುವ ಹುಚ್ಚು ಹಚ್ಚಿಕೊಂಡೆ. ದಾವಣಗೆರೆಯಲ್ಲಿ ಮಿರ್ಚಿ ಕರಿದ ಎಣ್ಣೆಗೇನು ಬರವೇ? ಮಂಡಿಪೇಟೆ ಕಡೆಯ ಅಂಗಡಿಯವರು ಕಪ್ಪಾದ ಎಣ್ಣೆಯನ್ನು ಡಬ್ಬಿಗೆ ಸುರಿದು ಕೊಡುತ್ತಿದ್ದರು. ಅದಕ್ಕೆ ಕಾಸ್ಟಿಕ್ ಸೋಡಾ ನೀರು ಬೆರೆಸಿ ಕಾಯಿಸಿದರೆ ಗಂಜಿಯಂತಾಗುತ್ತದೆ. ಆಮೇಲೆ ಉಪ್ಪು ಹಾಕಬೇಕು. ಇದನ್ನು ಹೈಸ್ಕೂಲಿನಲ್ಲೇ ಓದಿದ್ದೆ. ಉಪ್ಪು ಕರಗಿದ ನೀರು ಸಾಬೂನನ್ನು ತನ್ನಲ್ಲಿ ಇಟ್ಟುಕೊಳ್ಳಲಾರದು. ಸಾಬೂನು ಒಡೆದ ಹಾಲಿನಂತೆ ಬೇರೆಯಾಗಿ ಮೇಲೆ ತೇಲುತ್ತದೆ; ಚರ್ಮ ಸುಡುವ ಮಿಕ್ಕ ಸೋಡಾ, ಖಾರ, ಕೊಳೆ ಬಹುಪಾಲು ಕೆಳಗಿನ ಕಪ್ಪು ನೀರಿಗಿಳಿಯುತ್ತದೆ.

ಆದರೆ ಪಾತ್ರೆ ತುಂಬ ಇದ್ದದ್ದು ಆಗ ಅರ್ಧಕ್ಕಿಳಿಯುತ್ತದೆ. ನನಗೆ ಆಸೆ. ಉಪ್ಪು ಹಾಕದೆ ಹಾಗೆಯೇ ಅಚ್ಚಿಗೆ ಸುರಿದೆ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದ ಅಕ್ಕ ಹರಿಹರದಲ್ಲಿದ್ದಾಳೆ. ಅವಳಿಗೆ ಹೆಮ್ಮೆಯಿಂದ ಒಂದು ಚೀಲ ಒಯ್ದು ಕೊಟ್ಟೆ.

ಮುಂದಿನ ಸಲ ಹೋದಾಗ ಅವಳ ಬೆರಳ ಸಂದಿಯೆಲ್ಲ ಕೆಂಪಗೆ ಸುಲಿದಿತ್ತು.

“ಸಾಬೂನು ಉರಿತೈತಲ್ಲೋ ತಮ್ಮಾ.”

“ನಿಮ್ ನೀರೇ ಸರಿ ಇಲ್ಲ, ಸಾಬೂನು ಏನ್ ಮಾಡೀತು?” ಎಂದುಬಿಟ್ಟೆ.

ಅವಳು ನಂಬಿದಳು. ಪಕ್ಕದ ಮನೆಯಿಂದ ನೀರು ಹೊತ್ತು ತಂದು ಅದೇ ಸಾಬೂನಿನಲ್ಲಿ ಒಗೆದಳು. ಕೈ ಇನ್ನಷ್ಟು ಒಡೆಯಿತು. ಮತ್ತೊಮ್ಮೆ ಹೋದಾಗ ಅವಳು ಅನ್ನಕ್ಕೆ ಚಮಚ ಹಿಡಿದಿದ್ದಳು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

“ನೀರಿಂದಲ್ಲಕ್ಕಾ, ನಂದೇ ತಪ್ಪು. ಸಾಬೂನು ಕಮ್ಮಿ ಆಗ್ತೈತೆ ಅಂತ ಉಪ್ಪು ಹಾಕ್ಲಿಲ್ಲ.”

ಅವಳು ಚಮಚ ಕೆಳಗಿಟ್ಟಳು. “ಥೂ, ಅದರಾಗೂ ಜುಗ್ಗತನ ಏನಲೇ?”

ಮನೆಗೆ ಬಂದು ಹೊಸದಾಗಿ ಕಾಯಿಸಿದೆ. ಹರಳುಪ್ಪನ್ನು ಹಿಡಿ ಹಿಡಿಯಾಗಿ ಹಾಕಿದೆ. ಕೆಳಗಿನ ನೀರು ಚೆಲ್ಲಿ, ಮೇಲಿನದನ್ನು ಬೇರೆ ಉಪ್ಪುನೀರಿನಲ್ಲಿ ಇನ್ನೊಮ್ಮೆ ಕುದಿಸಿದೆ. ಉಳಿದ ಅರ್ಧವನ್ನೇ ಚೆನ್ನಾಗಿ ಒಣಗಿಸಿ ಒಯ್ದೆ.

ಅಕ್ಕ ಒಗೆಯುವ ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. “ಮೊದ್ಲು ನಿನ್ ಅಂಗಿ ನೀನೇ ಒಗಿ, ನೋಡಾನ.”

ಬನಿಯನ್ನಿನಲ್ಲಿ ನಿಂತು ಒಗೆದೆ. ಕೈ ಉರಿಯಲಿಲ್ಲ. ಅವಳು ನನ್ನ ಅಂಗೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಸೀರೆಗಳಿದ್ದ ಬಕೆಟ್ಟನ್ನು ಕಾಲಿನಿಂದ ನನ್ನತ್ತ ದೂಡಿದಳು.

“ಹಂಗಾರೆ ಇವನ್ನೂ ಒಗಿ. ನನ್ ಕೈ ಮಾಯೋತನ ಇದು ನಿಂದೇ ಕೆಲ್ಸ.”

ಆಗಾಗ ಹರಿಹರದ ಬಸ್ಸು ಹತ್ತುತ್ತಾ ಬಂದೆ. ಅವಳು ನನಗೆ ಬಾಗಿಲು ಹಾಕಬಹುದಿತ್ತು. ಬೈದು ಕೆಲಸ ಕೊಟ್ಟಳು. ಆ ಉಪಕಾರವನ್ನು ಮರೆಯಲಾರೆ. ಈಗ ಅವಳ ಕೈ ಮಾದಿದೆ. ಆದರೂ ಸೀರೆ ಒಗೆಯುವ ಕೆಲಸ ನನಗೇ ಇರಲಿ ಎಂದು ಕೇಳಿಕೊಂಡಿದ್ದೇನೆ.