ಜಟಕಾ ಜಮಾಲುದ್ದೀನ ಗಾಳದ ಮಾಸ್ತರನಾದದ್ದು

ಹಡಗಲಿಯ ಜಮಾಲುದ್ದೀನನಿಗೆ ಬಾಯಿ ಎರಡಿದ್ದವು. ಒಂದು ಎಲ್ಲರಿಗೂ ಇರುವಂಥದು. ಅದು ಆಡಿದ ಮಾತನ್ನು ಊರಲ್ಲಿ ಯಾರೂ ಪೂರ್ತಿ ನಂಬುತ್ತಿರಲಿಲ್ಲ. ಇನ್ನೊಂದು ಅವನ ಚಾಟಿ. ಹೊಸಪೇಟೆ ಬಸ್ಸು ಬಂದು ನಿಂತಿತೆಂದರೆ ಸ್ಟ್ಯಾಂಡಿನ ಹೊರಗೆ ಅವನ ಚಾಟಿ ಚಟಾರ್ ಎನ್ನುತ್ತಿತ್ತು. ಹಡಗಲಿಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳು, ಮಲ್ಲಿಗೆ ಬುಟ್ಟಿಯ ವ್ಯಾಪಾರಿಗಳು, ವರ್ಗವಾಗಿ ಬಂದ ಗುಮಾಸ್ತರು, ಎಲ್ಲರೂ ಆ ಸದ್ದಿಗೇ ತಿರುಗಿ ಅವನ ಜಟಕಾ ಹತ್ತುತ್ತಿದ್ದರು. ಕುದುರೆಯ ಮೈಮೇಲೆ ಒಂದೇ ಒಂದು ಏಟು ಬಿದ್ದದ್ದನ್ನು ಮಾತ್ರ ಕಂಡವರಿಲ್ಲ. ಅವನು ಗಾಳಿಗೆ ಹೊಡೆಯುತ್ತಿದ್ದ, ಕುದುರೆ ಮರ್ಯಾದೆಗೆ ಓಡುತ್ತಿತ್ತು.

ಮನೆಗೆ ಹೋಗುವಾಗ ಓಣಿಯ ತಲೆಯಲ್ಲಿರುವ ಹುಣಸೆ ಮರದ ಹತ್ತಿರ ಒಂದು ಚಾಟಿ. ಒಳಗೆ ಅವನ ಹೆಂಡತಿ ಶರೀಫಾ ಬೀ ಅದನ್ನು ಕೇಳಿಯೇ ಒಲೆಯ ಮೇಲೆ ಹಂಚಿಡುತ್ತಿದ್ದಳು. ಅವನು ಕುದುರೆ ಬಿಚ್ಚಿ, ಹುಲ್ಲು ಹಾಕಿ, ಕೈಕಾಲು ತೊಳೆದು ಬರುವ ಹೊತ್ತಿಗೆ ಜೋಳದ ರೊಟ್ಟಿ ಉಬ್ಬಿರುತ್ತಿತ್ತು. ಮನೆಯಲ್ಲಿ ಇಬ್ಬರೂ ಆಡುತ್ತಿದ್ದದ್ದು ದಖನಿ. ಜಗಳಕ್ಕೆ ಮಾತ್ರ ಕನ್ನಡ, ಯಾಕೆಂದರೆ ನ್ಯಾಯ ಯಾರ ಕಡೆ ಇದೆ ಎಂಬುದು ಅಕ್ಕಪಕ್ಕದವರಿಗೆ ತಿಳಿಯಬೇಕಲ್ಲ. ಆದರೆ ಊಟಕ್ಕೆ ಬಂದೆ ಎನ್ನುವುದನ್ನು ಅವನು ಯಾವ ಭಾಷೆಯಲ್ಲೂ ಹೇಳಿದವನಲ್ಲ. ಅದು ಚಾಟಿಯ ಇಲಾಖೆ.

ತೊಂಬತ್ತರ ದಶಕ ಅರ್ಧ ಮುಗಿಯುವಷ್ಟರಲ್ಲಿ ಆಟೋಗಳು ಬಂದವು. ಅವಕ್ಕೆ ಹುಲ್ಲು ಬೇಡ, ಮರ್ಯಾದೆಯೂ ಬೇಡ. ಜಮಾಲುದ್ದೀನ ಕೊನೆಗೆ ಕುದುರೆಯನ್ನು ಹರಪನಹಳ್ಳಿ ಕಡೆಯವನೊಬ್ಬನಿಗೆ ಕೊಟ್ಟು, ಚಾಟಿಯನ್ನು ಗೋಡೆಯ ಗೂಟಕ್ಕೆ ನೇತುಹಾಕಿ, ತಮ್ಮ ಇಶ್ತಿಯಾಕನ ಮೊಪೆಡ್ ರಿಪೇರಿ ಅಂಗಡಿಯಲ್ಲಿ ಹೋಗಿ ಕೂತ. ಕೂತ ಎಂದರೆ ಕೂತ, ಅಷ್ಟೇ. ಸ್ಪ್ಯಾನರ್ ಹಿಡಿದರೆ ನಟ್ಟಿನ ಮೂಲೆ ಸವೆಯುತ್ತಿತ್ತು. ಕಡೆಗೊಂದು ದಿನ ಇಶ್ತಿಯಾಕ ತಲೆ ಎತ್ತದೆ ಹೇಳಿದ: "ಭಾಯಿ, ಬಾಗಲಿಗೆ ಅಡ್ಡ ಕುಂದ್ರಬ್ಯಾಡ, ಗಿರಾಕಿ ಒಳಗ ಬರವಲ್ರು." ಊರಿಗೆಲ್ಲ ದಾರಿ ಬಿಡಿಸಿಕೊಂಡು ಓಡಾಡಿದವನಿಗೆ ಈ ಮಾತು ಕರುಳಿಗೇ ತಾಗಿತು. ಸ್ಟೂಲು ತುಸು ಸರಿಸಿಕೊಂಡು ಕೂತ. ಹಾಗೆ ಸರಿಯುತ್ತ ಸರಿಯುತ್ತ ಕೆಲವು ವರ್ಷ ಕಳೆದವು.

ಅವನನ್ನು ಸ್ಟೂಲಿನಿಂದ ಎಬ್ಬಿಸಿದವರು ವೀರಭದ್ರಯ್ಯನವರು. ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತಿಯಾದವರು, ಜನ್ಮದಲ್ಲಿ ಮೀನು ಬಾಯಿಗೆ ಇಟ್ಟವರಲ್ಲ. ಆದರೂ ಎಲ್ಲೋ ಕೆಲಸದಲ್ಲಿದ್ದಾಗ ಅವರಿಗೆ ಗಾಳ ಬೀಸುವ ಹುಚ್ಚು ಹಿಡಿದಿತ್ತು. ಎರೆಹುಳು ಸಿಕ್ಕಿಸಿ ದಂಡೆಯಲ್ಲಿ ತೂಕಡಿಸುವ ಗಾಳವಲ್ಲ ಇದು. ಬಳುಕುವ ಉದ್ದ ಕೋಲು, ಹಳದಿ ದಪ್ಪ ದಾರ, ಅದರ ತುದಿಗೆ ಕೂದಲಿನಂಥ ನೈಲಾನು, ಅದಕ್ಕೊಂದು ಪುಟ್ಟ ಕೊಕ್ಕೆ. ಕೊಕ್ಕೆಗೆ ಕೋಳಿಪುಕ್ಕ ಸುತ್ತಿ ನೊಣದ ಹಾಗೆ ಮಾಡಿರುತ್ತಾರೆ. ದಾರವನ್ನು ತಲೆಯ ಮೇಲಿಂದ ಹಿಂದಕ್ಕೆ ಬೀಸಿ, ಮತ್ತೆ ಮುಂದಕ್ಕೆ ಬೀಸಿ, ಆ ನೊಣವನ್ನು ನೀರಿನ ಮೇಲೆ ಮೆಲ್ಲಗೆ ಕೂರಿಸಬೇಕು. ಮೀನು ಮೋಸಹೋಗಿ ಕಚ್ಚಿದರೆ ಹಿಡಿದು, ನೋಡಿ, ಮತ್ತೆ ನೀರಿಗೆ ಬಿಡಬೇಕು. ಹೀಗಾಗಿ ಅಯ್ಯನವರ ಮಡಿಯೂ ಉಳಿದಿತ್ತು, ಚಟವೂ ಉಳಿದಿತ್ತು.

ಅವರ ಸಂಘವೊಂದು ಈ ವಿದ್ಯೆಯನ್ನು ಒಳನಾಡಿಗೆಲ್ಲ ಹಬ್ಬಿಸಬೇಕು ಎಂದು ಹೊರಟಿತ್ತು. ಹಡಗಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಕೂಡ್ಲಿಗಿ, ಎಲ್ಲ ಕಡೆ ತರಗತಿ. ಆಯಾ ಊರಿನವರನ್ನೇ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಟ್ಟು ಸಂಬಳದ ಮಾಸ್ತರರನ್ನಾಗಿ ಮಾಡುವುದು. ಕೊಡ ಹಿಡಿದು ನಲ್ಲಿಯ ಮುಂದೆ ಪಾಳಿ ನಿಂತ ಕೂಡ್ಲಿಗಿಯ ಜನಕ್ಕೆ ನದಿಮೀನು ಹಿಡಿಯುವ ಪಾಠ! ಯೋಜನೆ ಬರೆದವನು ನಕಾಶೆಯಲ್ಲಿ ಹೊಳೆಯ ಗೆರೆ ನೋಡಿದ್ದನೇ ಹೊರತು ನೆಲ ನೋಡಿರಲಿಲ್ಲ.

ಒಂದು ದಿನ ಅಯ್ಯನವರು ಹಡಗಲಿಯ ಸಂತೆ ಮೈದಾನದಲ್ಲಿ ದಾರ ಬೀಸುತ್ತ, ಅದನ್ನು ಬೇವಿನ ಮರಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಅಂಗಡಿಯಿಂದ ಅದನ್ನು ಕಂಡ ಜಮಾಲುದ್ದೀನ ಹೋಗಿ ಬಿಡಿಸಿಕೊಟ್ಟ. ಬಿಡಿಸಿದ ಕೈ ಸುಮ್ಮನಿರಲಿಲ್ಲ, ಕೋಲು ಇಸಿದುಕೊಂಡು ಒಮ್ಮೆ ಬೀಸಿತು. ಹಳದಿ ದಾರ ಹಿಂದೆ ಹೋಗಿ, ಮುಂದೆ ಬಂದು, ಚಟಾರ್! ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು. ಎಷ್ಟೋ ವರ್ಷದ ಮೇಲೆ ಜಮಾಲುದ್ದೀನನ ಎರಡನೆಯ ಬಾಯಿ ಮಾತಾಡಿತ್ತು.

"ಎಲೆಲೆ! ಎಷ್ಟು ದೂರ ಹೋತಲ್ಲಪ್ಪಾ ದಾರ!" ಎಂದರು ಅಯ್ಯನವರು. ಅವರಿಗೆ ಎರಡೂ ಕಿವಿ ಮಂದ. ದಾರ ಹೋದದ್ದು ಕಂಡಿತು, ಸದ್ದು ಕೇಳಲಿಲ್ಲ. ಇಲ್ಲೇ ಎಡವಟ್ಟಾಯಿತು. ಯಾಕೆಂದರೆ ಈ ವಿದ್ಯೆಯಲ್ಲಿ ಸದ್ದು ಬಂತೆಂದರೆ ಅವಸರ ಮಾಡಿದ್ದೀಯ ಎಂದರ್ಥ. ದಾರ ಹಿಂದೆ ಪೂರ್ತಿ ಚಾಚಿಕೊಳ್ಳುವ ಮುಂಚೆಯೇ ಮುಂದಕ್ಕೆ ಎಳೆದರೆ ಅದು ಚಾಟಿಯಾಗುತ್ತದೆ, ತುದಿಯ ನೊಣ ಕಿತ್ತು ಹಾರಿಹೋಗುತ್ತದೆ. ಅಯ್ಯನವರು ಇದನ್ನು ಬಾಯಲ್ಲಿ ಹೇಳಿಯೇ ಇದ್ದರು: "ಹಿಂದ ಹೋದಾಗ ಒಂಚೂರು ತಡೀಬೇಕು ಜಮಾಲ್ ಸಾಬ್ರ." ಇವನು ಹೂಂ ಎಂದ, ತಡೆಯಲಿಲ್ಲ. ಸದ್ದು ಬಾರದ ಚಾಟಿಗೆ ನಮ್ಮ ಸೀಮೆಯಲ್ಲಿ ಹಗ್ಗ ಎನ್ನುತ್ತಾರೆ.

ಅಯ್ಯನವರು ಅವನಿಗೊಂದು ಕೋಲು ಕೊಟ್ಟು, ಪರೀಕ್ಷೆಗೆ ತಯಾರಾಗು ಎಂದರು. ಜಮಾಲುದ್ದೀನ ಮರುದಿನದಿಂದಲೇ ಮಾಸ್ತರನಾದ, ಪರೀಕ್ಷೆ ಆಮೇಲೆ. ಕೊಟ್ಟೂರಿನಿಂದ ಲೈನ್‌ಮನ್ ಭೀಮರಾಜ ಬಂದ, ಹಗರಿಬೊಮ್ಮನಹಳ್ಳಿಯಿಂದ ಬೊಮ್ಮಪ್ಪ ಎಂಬ ಡ್ರಿಲ್ ಮಾಸ್ತರ ಬಂದ, ಇನ್ನೂ ಕೆಲವರು ಕೂಡಿಕೊಂಡರು. ಮೀನಿನ ಆಸೆ ಯಾರಿಗೂ ಇರಲಿಲ್ಲ. ಎಲ್ಲರೂ ಬಂದದ್ದು ಸದ್ದಿಗೆ. "ಚಟಾರ್ ಅಂತಂದ್ರ ಪಾಸು. ಫಸ್ ಅಂದ್ರ ಫೇಲು. ನೆಪ್ಪಿಟ್ಕೊಳ್ರಿ," ಎಂದು ಅವನು ಎದೆ ಉಬ್ಬಿಸಿ ಪಾಠ ಹೇಳುತ್ತಿದ್ದ. ಇಶ್ತಿಯಾಕನ ಅಂಗಡಿಯ ಸ್ಟೂಲಿಗೆ ಧೂಳು ಕೂತಿತು. ಇನ್ನೆಂದೂ ಅದರ ಮೇಲೆ ಕೂರಬಾರದು, ಅದೊಂದೇ ಅವನ ಹಟ. ಆ ಸರ್ಟಿಫಿಕೇಟು ಕೈಗೆ ಬಂದರೆ ಕೂರಬೇಕಾಗಿಯೂ ಇರಲಿಲ್ಲ.

ನೊಣಗಳನ್ನು ಕಟ್ಟುತ್ತಿದ್ದವಳು ಶರೀಫಾ ಬೀ. ಹುಟ್ಟಿದಾಗಿನಿಂದ ಮಲ್ಲಿಗೆ ಕಟ್ಟಿದ ಬೆರಳು ಅವು, ಸೂಜಿ ಮುಟ್ಟದೆ ಮಾಲೆ ಇಳಿಸುವಂಥವು. ಕೊಕ್ಕೆ, ಪುಕ್ಕ, ಹೊಲಿಗೆ ದಾರ ಕೊಟ್ಟರೆ ಹೂವಿನಂಥ ನೊಣ ಮಾಡಿಡುತ್ತಿದ್ದಳು. ಆದರೆ ಹೋದ ನೊಣ ಒಂದೂ ಮನೆಗೆ ಬರುತ್ತಿರಲಿಲ್ಲ. ಒಂದು ದಿನ ಅವಳು ಕನ್ನಡಕ್ಕೇ ಇಳಿದಳು.

"ನಿನ್ನಿ ಕೊಟ್ಟಿದ್ದು ಎಲ್ಲಿ ಹೋದ್ವು?"

"ಮೀನ ತಿಂದ್ಕಂಡು ಹೋಗ್ಯಾವ."

"ಎಲ್ಲಾ?"

"ನಿನ್ನ ಕೈಯಾಗಿನ ರುಚಿ ಅಂಥಾದ್ದೈತಿ," ಎಂದ, ಕಣ್ಣು ಮಿಟುಕಿಸದೆ.

ಶರೀಫಾ ಬೀ ಉಬ್ಬಿಹೋದಳು. ತನ್ನ ನೊಣಕ್ಕೆ ಇಡೀ ತುಂಗಭದ್ರೆಯ ಮೀನು ಸಾಲುಗಟ್ಟುತ್ತವೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಗಂಡ ಬೀಸುತ್ತಿದ್ದದ್ದು ಸಂತೆ ಮೈದಾನದಲ್ಲಿ ಎನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಅಲ್ಲಿದ್ದ ನೀರೆಂದರೆ ಎಮ್ಮೆಗಳು ಬಿಟ್ಟುಹೋದದ್ದು.

ಪರೀಕ್ಷೆಯ ದಿನ ಮಂಗಳೂರಿನಿಂದ ಸಂಘದ ಪರೀಕ್ಷಕಿ ಲೋಬೋ ಮೇಡಂ ಬಂದರು. ನರೆತ ತಲೆ, ಬಟ್ಟೆಯ ಟೊಪ್ಪಿಗೆ, ಮಾತು ಕಡಿಮೆ. ಜಮಾಲುದ್ದೀನ ಶಿಷ್ಯರನ್ನು ಸಾಲಾಗಿ ನಿಲ್ಲಿಸಿ, ಹೂಂ ಎಂದ. ಎಲ್ಲರೂ ಒಟ್ಟಿಗೆ ಬೀಸಿದರು. ದೀಪಾವಳಿಯ ಸರಪಟಾಕಿ ಹೊತ್ತಿದ ಹಾಗಾಯಿತು. ಕತ್ತೆಗಳು ಕಿತ್ತುಕೊಂಡು ಓಡಿದವು, ನೆರೆದ ಜನ ಶಿಳ್ಳೆ ಹಾಕಿದರು. ಅಯ್ಯನವರು ಮಾತ್ರ ಇದೆಲ್ಲ ಯಾಕೆ ಎಂಬಂತೆ ಪ್ರಸನ್ನರಾಗಿ ನಿಂತಿದ್ದರು.

ಮೇಡಂ ಒಬ್ಬೊಬ್ಬರ ದಾರದ ತುದಿಯನ್ನೂ ಹಿಡಿದು ನೋಡಿದರು. ತುದಿ ಬೋಳು.

"ನೊಣ ಎಲ್ಲಿ ಉಂಟು?" ಎಂದು ಕೇಳಿದರು.

ಹೊಸ ನೊಣಗಳ ಡಬ್ಬಿ ಹಿಡಿದು ಅದೇ ತಾನೆ ಬಂದಿದ್ದ ಶರೀಫಾ ಬೀ ಗುಂಪಿನೊಳಗಿಂದ ಅಭಿಮಾನದಿಂದ ಕೂಗಿದಳು: "ಮೀನ ತಿಂದಾವ್ರಿ ಮೇಡಂ! ಒಂದೂ ಬಿಡಂಗಿಲ್ಲ!"

ಮೇಡಂ ಸುತ್ತ ನೋಡಿದರು. ಧೂಳು, ಕಲ್ಲು, ಬೇವಿನ ಮರ. ಶರೀಫಾ ಬೀಯೂ ನೋಡಿದಳು. ಕಾಲ ಬುಡದಲ್ಲೇ ಅವಳು ಹಿಂದಿನ ದಿನ ಕಟ್ಟಿದ ಕೆಂಪು ನೊಣ ಸೆಗಣಿಯ ಮೇಲೆ ಕೂತಿತ್ತು. ಮೈದಾನಕ್ಕೆ ಮೈದಾನವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಸದ್ದು ಆಯಿತೆಂದರೆ ನೊಣ ಹೋಯಿತು," ಎಂದರು ಮೇಡಂ, ಸಿಟ್ಟಿಲ್ಲದೆ. "ನೀವು ಮೀನಿಗೆ ತಿನ್ನಲಿಕ್ಕೆ ಸದ್ದು ಕೊಡುವುದಾ? ಮಳೆ ಕಳೆದು ಹೊಳೆ ಇಳಿದ ಮೇಲೆ ಬರುತ್ತೇನೆ. ಆಗ ನೀರಿನ ಹತ್ತಿರ ಪರೀಕ್ಷೆ. ಕೋಲೇ ಮುಟ್ಟದ ಒಬ್ಬರಿಗೆ ನನ್ನ ಎದುರು ಕಲಿಸಿ ತೋರಿಸಬೇಕು. ಆಗಲಿಲ್ಲವಾದರೆ ಮತ್ತೆ ಅವಕಾಶ ಇಲ್ಲ."

ಆ ಸಂಜೆ ಜಗಳ ಅಪ್ಪಟ ಕನ್ನಡದಲ್ಲಿ ನಡೆಯಿತು. "ನನ್ನ ಕೈಯಾಗಿನ ರುಚಿ ಅಂತ! ಸೆಗಣಿ ಮ್ಯಾಲೆ ಕುಂತಿತ್ರೀ ನನ್ನ ರುಚಿ!" ಅಕ್ಕಪಕ್ಕದವರು ಏಕಕಂಠದಿಂದ ಅವಳ ಕಡೆಗೇ ತೀರ್ಪು ಕೊಟ್ಟರು. ಜಮಾಲುದ್ದೀನ ತಪ್ಪನ್ನು ಮೊದಲು ಗಾಳಿಯ ಮೇಲೆ ಹಾಕಿದ, ಆಮೇಲೆ ಕೋಲಿನ ಮೇಲೆ ಹಾಕಿದ. ಕುಣಿಯಲಾರದವಳಿಗೆ ನೆಲ ಡೊಂಕು.

ಶಿಷ್ಯರು ಚೆದುರಿದರು. ಅವನು ಮಾತ್ರ ಮಳೆಗಾಲವೆಲ್ಲ ಒಬ್ಬನೇ ಬೀಸಿದ. ಹಿಂದಕ್ಕೆ ಬೀಸಿ ತಡೆಯಬೇಕು, ಆದರೆ ಕೈ ತಡೆಯದು. ಜಟಕಾ ಹೊಡೆದ ಕೈಗೆ ತಡೆಯುವುದೆಂದರೆ ಗಿರಾಕಿ ಬಿಟ್ಟುಕೊಟ್ಟಂತೆ. ಒಮ್ಮೊಮ್ಮೆ ಸದ್ದಿಲ್ಲದೆ ದಾರ ಹೋಗಿ ನೆಲದ ಮೇಲೆ ಕೂರುತ್ತಿತ್ತು. ಆಗ ಅವನಿಗೆ ಸಂತೋಷವಾಗುವ ಬದಲು ಎದೆ ಖಾಲಿಯಾಗುತ್ತಿತ್ತು. ಊರು ನಂಬುತ್ತಿದ್ದ ಒಂದು ಬಾಯನ್ನೂ ತಾನೇ ಹೊಲಿದುಕೊಳ್ಳುತ್ತಿದ್ದೇನೆ ಎನ್ನಿಸುತ್ತಿತ್ತು. ಆದರೂ ಬಿಡಲಿಲ್ಲ. ಸ್ಟೂಲು ಅಲ್ಲೇ ಕಾಯುತ್ತಿತ್ತು.

ಹೊಳೆ ಇಳಿಯಿತು. ತುಂಗಭದ್ರೆಯ ಮಾಗಳದ ದಂಡೆಗೆ ಮೇಡಂ ಬಂದರು, ಅಯ್ಯನವರು ಬಂದರು, ನಗುವುದಕ್ಕೆಂದು ಅರ್ಧ ಹಡಗಲಿ ಬಂತು. ಕೋಲು ಮುಟ್ಟದವರು ಯಾರು ಎಂದು ಕೇಳಿದರೆ, ಅಲ್ಲಿದ್ದವರೆಲ್ಲ ಒಂದಲ್ಲ ಒಂದು ಸಲ ಚಟಾರ್ ಎನ್ನಿಸಿದವರೇ. ಮೇಡಂ ಡಬ್ಬಿ ಹಿಡಿದು ದೂರ ನಿಂತಿದ್ದ ಶರೀಫಾ ಬೀಯನ್ನು ತೋರಿಸಿದರು. "ಇವರು ಹಿಡಿದಿದ್ದಾರಾ?"

"ಹಿಡಿಯಾಕ ಎಲ್ಲಿ ಬಿಟ್ಟಾರ್ರಿ!" ಎಂದಳು ಶರೀಫಾ ಬೀ.

ಜಮಾಲುದ್ದೀನನ ಜೀವ ಬಾಯಿಗೆ ಬಂತು. ಹಿಂದೆ ಒಮ್ಮೆ ಅವಳಿಗೆ ಸೈಕಲ್ ಕಲಿಸಲು ಹೋಗಿ ಇಬ್ಬರೂ ಮೂರು ತಿಂಗಳು ಕನ್ನಡದಲ್ಲೇ ಇದ್ದರು. ಆದರೂ ಕೋಲು ಕೊಟ್ಟ. ಅವಳು ಸೆರಗು ಸಿಕ್ಕಿಸಿಕೊಂಡು, ತುದಿಗೆ ತನ್ನ ಕೆಂಪು ನೊಣವನ್ನು ತಾನೇ ಕಟ್ಟಿದಳು.

"ಹಿಂದಕ್ಕ ಬೀಸು. ಬೀಸಿ ತಡಿ. ಆಮ್ಯಾಲೆ ಮುಂದಕ್ಕ."

"ತಡಿ ಅಂದ್ರ ಎಷ್ಟೊತ್ತು ತಡೀಲಿ?"

ಅವನ ಕೈ ಇಷ್ಟಿಷ್ಟೇ ಕಲಿತಿತ್ತು, ಬಾಯಿ ಕಲಿತಿರಲಿಲ್ಲ. ಜನ ಕೆಮ್ಮಿದರು, ಯಾರೋ ಕಿಸಕ್ಕೆಂದರು. ಮೇಡಂ ಕಾಯುತ್ತಿದ್ದರು. ಜಮಾಲುದ್ದೀನ ಹೆಂಡತಿಯ ಕೈಯನ್ನೇ ನೋಡಿದ. ಮಣಿಕಟ್ಟಿನ ಮೇಲೆ ಹಂಚಿನ ಹಳೆಯ ಸುಟ್ಟ ಗುರುತಿತ್ತು.

"ರೊಟ್ಟಿ ಹಂಚಿಗೆ ಹಾಕಿ ಮ್ಯಾಲೆ ನೀರು ಸವರ್ತಿಯಲ್ಲ," ಎಂದ ಮೆಲ್ಲಗೆ. "ಆ ನೀರು ಆರೋದ್ರಾಗ ತಿರುವಿದ್ರ ಏನಾಗ್ತೈತಿ?"

"ಹರೀತೈತಿ."

"ಮತ್ತ ಎಷ್ಟೊತ್ತು ತಡೀತಿ?"

"ಅದನ್ನೇನು ಗಡಿಯಾರ ನೋಡಿ ತಡೀತಾರ? ಆರಿದ್ದು ಗೊತ್ತಾಗ್ತೈತಿ."

"ಹಂಗ. ದಾರ ಹಿಂದ ಹೋಗಿ ಬಿಚ್ಚಿಕೊಂಡ್ರ ನಿನ್ನ ಕೈಗೆ ಗೊತ್ತಾಗ್ತೈತಿ, ಒಂಚೂರು ಜಗ್ಗತೈತಿ. ಆವಾಗ ತಿರುವಿ ಹಾಕು. ಅವಸರ ಮಾಡಿದ್ರ ಹರೀತೈತಿ. ನಾನು ಹರಕೊಂಡಂಗ."

ಶರೀಫಾ ಬೀ ಬೀಸಿದಳು. ಹಳದಿ ದಾರ ಹಿಂದೆ ಹೋಯಿತು. ಅವಳು ತಡೆದಳು. ದಾರ ಮುಂದೆ ಬಂದು, ತುಸು ಸೊಟ್ಟಗೆ, ಬಹಳ ದೂರವೇನೂ ಅಲ್ಲ, ನೀರಿನ ಮೇಲೆ ಮಲಗಿತು. ಚಕಾರವಿಲ್ಲ. ಮೀನು ಬಂದು ಕಚ್ಚಲಿಲ್ಲ, ಅವಕ್ಕೂ ಅವುಗಳ ಕೆಲಸವಿರುತ್ತದೆ. ಶರೀಫಾ ಬೀ ಗಡಬಡಿಸಿ ದಾರ ಎಳೆದುಕೊಂಡು ತುದಿ ನೋಡಿದಳು.

"ಐತಿ!" ಎಂದು ಕೂಗಿದಳು. "ನನ್ನ ನೊಣ ಐತಿ!"

ಲೋಬೋ ಮೇಡಂ ಟೊಪ್ಪಿಗೆ ತೆಗೆದು ನಕ್ಕರು. ಆಮೇಲೆ ಜಮಾಲುದ್ದೀನ ತಾನೂ ಬೀಸಿ ತೋರಿಸಿದ, ಸದ್ದಿಲ್ಲದೆ. ಅಲ್ಲೇ ಬಂಡೆಯ ಮೇಲಿಟ್ಟು ಸರ್ಟಿಫಿಕೇಟಿಗೆ ಸಹಿ ಬಿತ್ತು. ಅಯ್ಯನವರು ಬೆನ್ನು ತಟ್ಟಿ, "ಮೊದಲೂ ಹಿಂಗ ಬೀಸ್ತಿದ್ಯಲ್ಲೋ, ಆವಾಗ್ಯಾಕ ಫೇಲು ಮಾಡಿದ್ರು? ನನಗೇನು ಫರಕು ಕಾಣವಲ್ದು," ಎಂದರು.

ಮುಂದೆ ಅವನು ಐದೂ ಊರು ತಿರುಗಿ ಪಾಠ ಹೇಳಿದ. ಕೂಡ್ಲಿಗಿಯಲ್ಲಿ ಕೆರೆಯ ಒಣ ಅಂಗಳದಲ್ಲೇ ನಿಂತು ಬೀಸಿಸಿದ. ಎಲ್ಲ ಕಡೆಯೂ ಅವನಿಗೆ ರೊಟ್ಟಿ ಮಾಸ್ತರ ಎಂದೇ ಹೆಸರು ಬಿತ್ತು. ಇಶ್ತಿಯಾಕ ಸ್ಟೂಲಿನ ಮೇಲೆ ಆಯಿಲ್ ಡಬ್ಬಿ ಇಟ್ಟ.

ಆದರೆ ಸರ್ಟಿಫಿಕೇಟು ಸಿಕ್ಕ ಆ ದಿನದ ಮಾತೇ ಬೇರೆ. ಶರೀಫಾ ಬೀ ಮುಂಚೆಯೇ ಆಟೋ ಹತ್ತಿ ಮನೆಗೆ ಹೋಗಿದ್ದಳು. ಅವನು ಜನರ ಕೈಯಿಂದ ಬಿಡಿಸಿಕೊಂಡು, ಹೊಟ್ಟೆ ಚುರುಗುಟ್ಟುತ್ತ ಮನೆಯೊಳಗೆ ಕಾಲಿಟ್ಟರೆ ಒಲೆ ತಣ್ಣಗಿತ್ತು, ಹಂಚು ಗೋಡೆಗೆ ಒರಗಿತ್ತು. ಅವಳು ಹಿಟ್ಟು ನಾದಿಟ್ಟು ಕೈಕಟ್ಟಿ ಕೂತಿದ್ದಳು.

"ರೊಟ್ಟಿ?" ಎಂದ.

"ಸದ್ದಿಲ್ಲದ ಕಳ್ಳನಂಗ ಬಂದ್ರ ನನಗ ಹೆಂಗ ಗೊತ್ತಾಗಬೇಕು? ಎಷ್ಟ ವರ್ಷಾತು ನೀವು ಮನಿಗೆ ಬಂದು? ಬರೇ ಒಳಗ ಬಂದು ನಿಂತಿರ್ತೀರಿ."

ಜಗಳವೋ ಏನೋ ಅವನಿಗೆ ತಿಳಿಯಲಿಲ್ಲ. ಕನ್ನಡವೇನೋ ಹೌದು, ಆದರೆ ಅಕ್ಕಪಕ್ಕಕ್ಕೆ ಕೇಳಿಸದಷ್ಟು ಮೆಲ್ಲಗಿತ್ತು. ಅವನು ಕೋಲನ್ನು ಮೂಲೆಗಿಟ್ಟ. ಗೂಟದಿಂದ ಚಾಟಿ ತೆಗೆದು, ಧೂಳು ಕೊಡವಿ, ಮತ್ತೆ ಹೊರಗೆ ಹೋದ. ಓಣಿಯ ತಲೆಯ ತನಕ ನಡೆದು, ಹುಣಸೆ ಮರದ ಹತ್ತಿರ ನಿಂತು, ಕುದುರೆಯಿಲ್ಲದ ಗಾಳಿಗೆ ಒಂದು ಹೊಡೆದ. ಚಟಾರ್!

ಅವನು ವಾಪಸು ಬಂದು ಕೈಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು.