ಮೂರನೆಯ ಹಾಡುಗಾರ

ನಾನು ದಾಂಡೇಲಿಯಿಂದ ಧಾರವಾಡಕ್ಕೆ ಕಾಗದದ ಲಾರಿ ಓಡಿಸುತ್ತಿದ್ದೆ. ಒಮ್ಮೆ ಹಳಿಯಾಳದ ಗಂಗವ್ವನ ಚಹಾದಂಗಡಿಗೆ ಹೋದಾಗ ರೇಡಿಯೊದಲ್ಲಿ ಧಾರವಾಡ ಕೇಂದ್ರದಿಂದ ಹಾಡಿನ ಸ್ಪರ್ಧೆ ನೇರವಾಗಿ ಬರುತ್ತಿತ್ತು. ಗಂಗವ್ವ ಚಹಾ ಸೋಸುತ್ತಲೇ ತೀರ್ಪು ಕೊಡುತ್ತಿದ್ದಳು: ಮೊದಲನೆಯವಳಿಗೆ ಉಸಿರು ಸಾಲದು, ಎರಡನೆಯವನದು ಬರೀ ಮೂಗು. ಮೂರನೆಯವನು ಹಾಡತೊಡಗಿದ ಕೂಡಲೇ ಅವಳು ರೇಡಿಯೊದತ್ತ ತಿರುಗಿದಳು, ಚಹಾ ಒಲೆಗೆ ಚೆಲ್ಲಿತು.

"ಏನಾತವ್ವಾ?" ಎಂದೆ.

"ಇಂವ ನನ್ನ ಗಂಡ್ರೀ, ಅಣ್ಣಾರ. ಹೊಳ್ಯಾಗ ಕೊಚ್ಚಿಕೊಂಡು ಹೋದಾ ಅಂತ ತಿಥಿನೂ ಮಾಡೇವಿ. ಹೆಸರಷ್ಟ ಬ್ಯಾರೆ ಹೇಳ್ಯಾನ."

ಗಂಗವ್ವ ಒಲೆ ಆರಿಸಿ, "ಗಾಡಿ ತಗೀರಿ, ನಾನೂ ಬರ್ತೇನಿ" ಎಂದು ಲಾರಿ ಹತ್ತಿದಳು. ದಾರಿಯುದ್ದಕ್ಕೂ ಅವನು ತಾಳ ತಪ್ಪಿದ್ದನ್ನೇ ಹೇಳುತ್ತಿದ್ದಳು, ಬಿಟ್ಟುಹೋದದ್ದರ ಮಾತೇ ಇಲ್ಲ.

ರೇಡಿಯೊ ಕೇಂದ್ರದ ಬಾಗಿಲಲ್ಲಿ ಅವಳನ್ನು ಕಂಡ ಆತ, ಕೊರಳಲ್ಲಿ ಹಾರವಿದ್ದಂತೆಯೇ ಕುಸಿದು ಕೂತ. ಮೊದಲ ಬಹುಮಾನ ಅವನಿಗೇ ಬಂದಿತ್ತಂತೆ. ಗಂಗವ್ವನ ಅಭಿಪ್ರಾಯ ಯಾರೂ ಕೇಳಿರಲಿಲ್ಲ.